ರೆಸ್ಯೂಮ್ ಎದ್ದು ಕಾಣಬೇಕು, ಆದ್ರೆ ಜಾತ್ರೆ ಥರ ಇರಬಾರದು: ಏನು ಇಟ್ಕೊಳ್ಳೋದು, ಏನು ಕಿತ್ತಾಕೋದು?

ಬಯಲುಸೀಮೆ_ಬಿಇ
ಬಿಇ ಇಸಿ (ಎಲೆಕ್ಟ್ರಾನಿಕ್ಸ್) ಮುಗಿದಿದೆ, ಬೆಂಗಳೂರಲ್ಲಿ ಎಂಬೆಡೆಡ್ (ಯಂತ್ರಗಳೊಳಗಿನ ಚಿಪ್‌ಗೆ ಕೋಡ್ ಬರೆಯೋ) ಕೆಲಸಗಳಿಗೆ ಅರ್ಜಿ ಹಾಕ್ತಿದ್ದೀನಿ. ಈಗಿರೋದು ಕ್ಯಾನ್ವಾದ ಎರಡು ಕಾಲಂ ಟೆಂಪ್ಲೇಟ್. ಎಡಕ್ಕೆ ಕಡು ಹಸಿರು ಪಟ್ಟಿ, ಅದರೊಳಗೆ ವೃತ್ತದಲ್ಲಿ ಫೋಟೋ, ಕೆಳಗೆ ಸ್ಕಿಲ್ ಬಾರ್ (ಸಿ 90%, ಪೈಥಾನ್ 75% ಅಂತ), ಫೋನು ಮೇಲ್‌ಗೆಲ್ಲ ಐಕಾನ್. ಬಲಕ್ಕೆ ಆಬ್ಜೆಕ್ಟಿವ್, ಓದು, ಪ್ರಾಜೆಕ್ಟ್, ಕೊನೆಗೆ ಡಿಕ್ಲರೇಶನ್. ಕಾಲೇಜಿನ ಪ್ಲೇಸ್‌ಮೆಂಟ್ ಸೆಲ್ ಕೊಟ್ಟ ವರ್ಡ್ ಫೈಲ್ ನೋಡಿದ್ರೆ ನಿದ್ದೆ ಬರುತ್ತೆ, ಎಲ್ಲರದ್ದೂ ಒಂದೇ ಥರ. ಎದ್ದು ಕಾಣೋ ಹಾಗೂ ಇರಬೇಕು, ವೃತ್ತಿಪರವಾಗಿಯೂ ಇರಬೇಕು. ಮಧ್ಯದ ದಾರಿ ಯಾವುದು?

ನೇಮಕಾತಿ_ನೋಟ
ಮೊದಲು ಒಂದು ಪರೀಕ್ಷೆ. ಆ ಪಿಡಿಎಫ್ ತೆಗೆದು ಕಂಟ್ರೋಲ್ ಎ, ಕಂಟ್ರೋಲ್ ಸಿ ಒತ್ತಿ, ನೋಟ್‌ಪ್ಯಾಡ್‌ಗೆ ಪೇಸ್ಟ್ ಮಾಡಿ. ಅಲ್ಲಿ ಬಿದ್ದ ಅಕ್ಷರಗಳನ್ನು ಮೇಲಿಂದ ಕೆಳಗೆ ಓದಿ. ಕಂಪನಿಯ ಸಾಫ್ಟ್‌ವೇರ್‌ಗೆ ಸಿಗೋದು ಹೆಚ್ಚುಕಮ್ಮಿ ಅದೇ. ನಾಲ್ಕು ಕಡೆ ನೋಡಿ:

- ಹೆಸರು ಒಂದೇ ಪದವಾಗಿ ಬಂದಿದೆಯಾ? ಈ ಟೆಂಪ್ಲೇಟ್‌ಗಳಲ್ಲಿ ಅಂದಕ್ಕೆ ಅಂತ ಹೆಸರಿನ ಅಕ್ಷರಗಳ ಮಧ್ಯೆ ಜಾಗ ಬಿಟ್ಟಿರ್ತಾರೆ. ಕೆಲವರು ಸ್ಪೇಸ್ ಬಾರ್ ಒತ್ತಿಯೇ ಬಿಟ್ಟಿರ್ತಾರೆ. ಆಗ ಹೆಸರು ಬಿಡಿ ಅಕ್ಷರಗಳಾಗಿ ಒಡೆಯುತ್ತೆ, ಹುಡುಕಿದ್ರೆ ಸಿಗಲ್ಲ.
- ಫೋನ್ ನಂಬರ್, ಮೇಲ್ ಇವೆಯಾ? ವರ್ಡ್‌ನಲ್ಲಿ ಹೆಡರ್ ಒಳಗೆ ಹಾಕಿದ್ರೆ ಕೆಲವು ಸಾಫ್ಟ್‌ವೇರ್ ಓದೋದೇ ಇಲ್ಲ.
- ಎಡ ಕಾಲಂ ಸಾಲು ಬಲ ಕಾಲಂ ಸಾಲಿನ ಜೊತೆ ಬೆರೆತಿದೆಯಾ? "ಪೈಥಾನ್ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಕನ್ನಡ ಇಂಗ್ಲಿಷ್" ಅಂತ ಬಂದ್ರೆ ಕೆಲಸ ಕೆಟ್ಟಿತು.
- ಸ್ಕಿಲ್ ಬಾರ್ ಎಲ್ಲಿ? ಬಾರ್ ಅನ್ನೋದು ಬರೀ ಚಿತ್ರ, ಪಠ್ಯದಲ್ಲಿ ಏನೂ ಉಳಿಯಲ್ಲ.

ಏನೂ ಸೆಲೆಕ್ಟ್ ಆಗದೇ ಇದ್ರೆ ಇಡೀ ಪುಟ ಚಿತ್ರವಾಗಿ ಸೇವ್ ಆಗಿದೆ. ಕ್ಯಾನ್ವಾದಲ್ಲಿ ಡೌನ್‌ಲೋಡ್ ಮಾಡುವಾಗ 'ಫ್ಲ್ಯಾಟನ್' ಟಿಕ್ ಬಿದ್ದಿದೆಯಾ ನೋಡಿ.

ಬೆಣ್ಣೆದೋಸೆ_ಖಾಲಿ
ಸಿ 90% ಅಂದ್ರೆ ಉಳಿದ 10% ಯಾವುದು ಗುರು, ಪಾಯಿಂಟರ್ರಾ?

ಫಾಂಟ್_ಹುಚ್ಚ
ಪ್ಲೇಸ್‌ಮೆಂಟ್ ಸೆಲ್ ಫೈಲ್ ಸಪ್ಪೆ ಅನ್ನಿಸೋದಕ್ಕೆ ಬಣ್ಣ ಇಲ್ಲದಿರೋದು ಕಾರಣ ಅಲ್ಲ. ಹೆಸರು, ತಲೆಬರಹ, ಒಳಗಿನ ಮಾತು ಎಲ್ಲ ಒಂದೇ ಗಾತ್ರ, ಎಲ್ಲದರ ಮಧ್ಯೆ ಒಂದೇ ಅಂತರ. ಕಣ್ಣಿಗೆ ಎಲ್ಲಿ ನಿಲ್ಲಬೇಕು ಗೊತ್ತಾಗಲ್ಲ. ಅದನ್ನ ಸರಿ ಮಾಡಿದ್ರೆ ವರ್ಡ್‌ನಲ್ಲೇ, ಒಂದೇ ಕಾಲಂನಲ್ಲೇ ಎದ್ದು ಕಾಣುತ್ತೆ. ಅಳತೆ ಹೇಳ್ತೀನಿ, ಹಾಗೇ ಹಾಕಿ ನೋಡಿ:

ಎ4 ಹಾಳೆ. ಎಡ ಬಲ ಮಾರ್ಜಿನ್ 2 ಸೆಂ.ಮೀ., ಮೇಲೆ ಕೆಳಗೆ 1.8. ಹೆಸರು 20 ಪಾಯಿಂಟ್ ಬೋಲ್ಡ್. ಅದರ ಕೆಳಗೆ ಒಂದೇ ಸಾಲಲ್ಲಿ ಫೋನ್, ಮೇಲ್, ಊರು, ಗಿಟ್‌ಹಬ್, 10 ಪಾಯಿಂಟ್. ವಿಭಾಗದ ತಲೆಬರಹ 12 ಬೋಲ್ಡ್, ಬೇಕಿದ್ರೆ ಒಂದೇ ಒಂದು ಬಣ್ಣ. ಒಳಗಿನದ್ದು 10.5, ಸಾಲಿನ ಅಂತರ 1.1. ಬುಲೆಟ್ ಹ್ಯಾಂಗಿಂಗ್ ಇಂಡೆಂಟ್ 0.5 ಸೆಂ.ಮೀ.

ತಲೆಬರಹಕ್ಕೆ ಪ್ಯಾರಾಗ್ರಾಫ್ ಸೆಟ್ಟಿಂಗ್‌ನಲ್ಲಿ ಮೇಲೆ 12 ಪಾಯಿಂಟ್, ಕೆಳಗೆ 4 ಪಾಯಿಂಟ್ ಜಾಗ ಕೊಡಿ. ಮೇಲೆ ಜಾಸ್ತಿ, ಕೆಳಗೆ ಕಮ್ಮಿ, ಇದು ಮುಖ್ಯ. ಆಗ ಯಾವ ತಲೆಬರಹ ಯಾವ ಸಾಲುಗಳಿಗೆ ಸೇರಿದ್ದು ಅಂತ ಗೆರೆ ಬಾಕ್ಸ್ ಏನೂ ಇಲ್ಲದೆ ತಿಳಿಯುತ್ತೆ. ಎಂಟರ್ ಒತ್ತಿ ಒತ್ತಿ ಜಾಗ ಮಾಡಿದ್ರೆ ಒಂದು ಸಾಲು ಸೇರಿಸಿದ ತಕ್ಷಣ ಕೆಳಗಿನದ್ದೆಲ್ಲ ಜಾರುತ್ತೆ.

ಇಸವಿ, ತಿಂಗಳು ಬಲ ಅಂಚಿಗೆ. ಅದಕ್ಕೂ ಸ್ಪೇಸ್ ಒತ್ತಬೇಡಿ. ಹಾಳೆ 21 ಸೆಂ.ಮೀ., ಎರಡೂ ಕಡೆ 2 ಹೋದ್ರೆ 17. ರೂಲರ್‌ನಲ್ಲಿ 17ಕ್ಕೆ ರೈಟ್ ಟ್ಯಾಬ್ ಇಡಿ, ಸಾಲಿನ ಕೊನೆಗೆ ಒಂದು ಸಲ ಟ್ಯಾಬ್ ಒತ್ತಿ, ತಾರೀಕು ಬರೀರಿ. ಎಲ್ಲ ತಾರೀಕೂ ನೂಲು ಹಿಡಿದ ಹಾಗೆ ನಿಲ್ಲುತ್ತೆ.

ತಲೆಬರಹದ ಕೆಳಗೆ ಗೆರೆ ಬೇಕಾದ್ರೆ ಪ್ಯಾರಾಗ್ರಾಫ್ ಬಾರ್ಡರ್ ಅರ್ಧ ಪಾಯಿಂಟ್. ಅಂಡರ್‌ಸ್ಕೋರ್ ಸಾಲಾಗಿ ಒತ್ತಿದ ಗೆರೆ ಫಾಂಟ್ ಬದಲಾದ್ರೆ ಮುಂದಿನ ಸಾಲಿಗೆ ಇಳಿಯುತ್ತೆ.

ಕುಡ್ಲದ_ಮೀನುಸಾರು
ಎಲ್ಲರೂ ಎರಡು ಕಾಲಂಗೆ ಬಯ್ಯೋದು ಯಾಕೆ ಮಾರಾಯ್ರೇ? ಎಡ ಪಟ್ಟಿಯಲ್ಲಿ ಸ್ಕಿಲ್ಸ್ ಇದ್ರೆ ಒಂದೇ ನೋಟಕ್ಕೆ ಸಿಗ್ತದೆ. ಕೊನೆಗೆ ಓದೋದು ಮನುಷ್ಯರೇ ಅಲ್ವಾ? ಮೂವತ್ತು ಜನ ಕೆಲಸ ಮಾಡುವ ಸಣ್ಣ ಆಫೀಸಲ್ಲಿ ಸಾಫ್ಟ್‌ವೇರೂ ಇಲ್ಲ, ಎಂತದ್ದೂ ಇಲ್ಲ. ಮೇಲ್ ತೆಗೆದು ನೇರ ನೋಡ್ತಾರೆ.

ನೇಮಕಾತಿ_ನೋಟ
@ಕುಡ್ಲದ_ಮೀನುಸಾರು ನೇರ ಮೇಲ್ ಹೋಗೋ ಕಡೆ ತೊಂದರೆ ಇಲ್ಲ, ಒಪ್ತೀನಿ. ಆದ್ರೆ ನೌಕ್ರಿ ಜಾಬ್ ಸೈಟ್‌ಗೆ ಅಪ್‌ಲೋಡ್ ಮಾಡೋದೂ ಅದೇ ಫೈಲ್ ಅಲ್ವಾ? ಎರಡು ಕಾಲಂ ಬೇಕೇ ಬೇಕು ಅಂದ್ರೆ ಹೇಗೆ ಮಾಡ್ತೀರ ಅನ್ನೋದರ ಮೇಲಿದೆ. ವರ್ಡ್‌ನ ಲೇಔಟ್‌ನಲ್ಲಿರೋ ಕಾಲಂ ಬಳಸಿದ್ರೆ ಪಠ್ಯ ಮೊದಲ ಕಾಲಂ ಪೂರ್ತಿ, ಆಮೇಲೆ ಎರಡನೇದು ಅಂತ ಹರಿಯುತ್ತೆ. ಟೇಬಲ್ ಆದ್ರೆ ಅಡ್ಡಸಾಲು ಹಿಡಿದು ಓದುತ್ತೆ. ಎಡಕ್ಕೊಂದು ಬಲಕ್ಕೊಂದು ಉದ್ದ ಖಾನೆ ಇದ್ರೆ ಸಾಮಾನ್ಯವಾಗಿ ಪಾಸಾಗುತ್ತೆ. ಟೆಕ್ಸ್ಟ್ ಬಾಕ್ಸ್ ಮಾತ್ರ ಬೇಡವೇ ಬೇಡ. ಅದು ಪುಟದ ಮೇಲೆ ತೇಲ್ತಿರುತ್ತೆ, ಕೆಲವು ಕಡೆ ಪೂರ್ತಿ ಬಿಟ್ಟೇ ಹೋಗುತ್ತೆ.

ಇನ್ನೊಂದು, ಎಡ ಪಟ್ಟಿ 6 ಸೆಂ.ಮೀ. ತಿಂದ್ರೆ ಪ್ರಾಜೆಕ್ಟ್ ವಿವರಕ್ಕೆ ಉಳಿಯೋದು 11. ಒಂದು ಸಾಲಿನ ಬುಲೆಟ್ ಎರಡಾಗುತ್ತೆ, ಒಂದು ಪುಟ ಒಂದೂಕಾಲು ಆಗುತ್ತೆ. ಎಡಗಡೆ ಕೆಳಗಿನ ಅರ್ಧ ಖಾಲಿ ಹಸಿರು.

ಬೆಣ್ಣೆದೋಸೆ_ಖಾಲಿ
ಹಸಿರು ಕರ್ನಾಟಕ 😄

ಸಿಲ್ಕ್‌ಬೋರ್ಡ್_ಸಂತ
ಎಟಿಎಸ್ (ಕಂಪನಿಗಳು ಅರ್ಜಿ ನೋಡ್ಕೊಳ್ಳೋಕೆ ಇಟ್ಟಿರೋ ಸಾಫ್ಟ್‌ವೇರ್) ತಾನೇ ರಿಜೆಕ್ಟ್ ಮಾಡಿಬಿಡುತ್ತೆ, ಮನುಷ್ಯರ ಕಣ್ಣಿಗೇ ಬೀಳಲ್ಲ. ಅದಕ್ಕೇ ಜಾಬ್ ಡಿಸ್ಕ್ರಿಪ್ಶನ್ ಪೂರ್ತಿ ಕಾಪಿ ಮಾಡಿ, ಬಿಳಿ ಬಣ್ಣದಲ್ಲಿ 1 ಪಾಯಿಂಟ್ ಸೈಜಲ್ಲಿ ಕೆಳಗೆ ಹಾಕಿಬಿಡಿ. ಕೀವರ್ಡ್ ಎಲ್ಲ ಮ್ಯಾಚ್.

ಫಾಂಟ್_ಹುಚ್ಚ
ದಯವಿಟ್ಟು ಇದನ್ನ ಯಾರೂ ಮಾಡಬೇಡಿ.

ನೇಮಕಾತಿ_ನೋಟ
@ಸಿಲ್ಕ್‌ಬೋರ್ಡ್_ಸಂತ ಎರಡೂ ತಪ್ಪು. ಪಠ್ಯ ತೆಗೆದುಕೊಂಡ ಮೇಲೆ ಬಣ್ಣವೂ ಇರಲ್ಲ, ಗಾತ್ರವೂ ಇರಲ್ಲ. ನಿಮ್ಮ "ಕಾಣದ" ಪ್ಯಾರಾ ರಿಕ್ರೂಟರ್ ಪರದೆಯಲ್ಲಿ ಕಪ್ಪಗೆ ಕಾಣುತ್ತೆ, ಅದೂ ಅವರೇ ಬರೆದ ಜಾಹೀರಾತಿನ ಮಾತುಗಳಲ್ಲಿ. ಕಂಟ್ರೋಲ್ ಎ ಒತ್ತಿದ್ರೂ ಸಾಕು, ನೀಲಿ ಬಣ್ಣದಲ್ಲಿ ಎದ್ದು ಬರುತ್ತೆ.

ಇನ್ನು 'ತಾನೇ ರಿಜೆಕ್ಟ್' ವಿಷಯ. ಅರ್ಜಿ ತುಂಬುವಾಗ ಪ್ರಶ್ನೆ ಕೇಳ್ತಾರಲ್ಲ, ನೋಟಿಸ್ ಪೀರಿಯಡ್ ಎಷ್ಟು, ಯಾವ ವರ್ಷ ಪಾಸು, ಬೆಂಗಳೂರಿಗೆ ಬರ್ತೀರಾ ಅಂತ, ಸಾಮಾನ್ಯವಾಗಿ ತಾನಾಗೇ ಉದುರಿಸೋದು ಆ ಉತ್ತರಗಳು. ರೆಸ್ಯೂಮ್ ಫೈಲ್ ಡೇಟಾಬೇಸ್‌ನಲ್ಲಿ ಕೂತಿರುತ್ತೆ, ಮನುಷ್ಯರು ಪದ ಹಾಕಿ ಹುಡುಕ್ತಾರೆ. ಹಾಗಾಗಿ ಪದ ಇರಬೇಕು ನಿಜ, ಆದ್ರೆ ಅದು ಇರಬೇಕಾದ ಜಾಗ ನಿಮ್ಮ ಪ್ರಾಜೆಕ್ಟ್ ಸಾಲಿನ ಒಳಗೆ. ಜಾಹೀರಾತಿನಲ್ಲಿ 'ಆರ್‌ಟಿಒಎಸ್' (ಚಿಪ್ ಮೇಲೆ ಓಡೋ ಪುಟ್ಟ ಆಪರೇಟಿಂಗ್ ಸಿಸ್ಟಂ) ಅಂತಿದ್ದು ನೀವು ಬರೀ 'ಫ್ರೀಆರ್‌ಟಿಒಎಸ್' (ಅಂಥದ್ದೇ ಒಂದರ ಹೆಸರು) ಅಂತ ಬರೆದಿದ್ರೆ ಎರಡನ್ನೂ ಒಂದೊಂದು ಸಲ ಬರೀರಿ. ಅಷ್ಟೇ ಸಾಕು.

ಜೋಳದರೊಟ್ಟಿ_ಪಲ್ಯ
ಎಲ್ಲಾರೂ ಅಂದಚೆಂದದ ಮ್ಯಾಲೇ ಬಿದ್ದೀರಲ್ರೀ. ಒಳಗ ಸಾಲು ಹೆಂಗ ಬರದಾರ ಅಂತ ಯಾರೂ ಕೇಳಿಲ್ಲ. "ಸ್ಮಾರ್ಟ್ ಇರಿಗೇಶನ್ ಪ್ರಾಜೆಕ್ಟ್‌ನಾಗ ಕೆಲಸ ಮಾಡೀನಿ" ಅಂತ ಇದ್ರ ಅದನ್ನ ಯಾವ ಫಾಂಟಿನಾಗ ಹಾಕಿದ್ರೂ ಅಷ್ಟ.

ಒಂದು ಸಾಲಿಗೆ ಮೂರು ಇರಬೇಕ್ರಿ: ಏನ ಕಟ್ಟಿದ್ರಿ, ಯಾವುದರಿಂದ ಕಟ್ಟಿದ್ರಿ, ಏನ ಬದಲಾತು. ಉದಾಹರಣೆಗೆ ಹಿಂಗ (ಇಎಸ್‌ಪಿ32 ಅಂದ್ರ ವೈಫೈ ಇರೋ ಚಿಪ್, ಎಂಕ್ಯೂಟಿಟಿ ಅಂದ್ರ ಡೇಟಾ ಕಳಿಸೋ ವಿಧಾನ): "ಇಎಸ್‌ಪಿ32 ಮತ್ತ 4 ಮಣ್ಣಿನ ತೇವಾಂಶ ಸೆನ್ಸರ್, 5 ನಿಮಿಷಕ್ಕೊಮ್ಮೆ ರೀಡಿಂಗ್ ಎಂಕ್ಯೂಟಿಟಿ ಮ್ಯಾಲೆ ಕಳಿಸೋದು. ಡೀಪ್ ಸ್ಲೀಪ್ ಹಾಕಿದ ಮ್ಯಾಲೆ ಬ್ಯಾಟರಿ 2 ದಿನದಿಂದ 3 ವಾರಕ್ಕ." ಇದನ್ನ ನೋಡಿದವರು ಸಂದರ್ಶನದಾಗ ಡೀಪ್ ಸ್ಲೀಪ್ (ಚಿಪ್ ಮಲಗಿಸಿ ಬ್ಯಾಟರಿ ಉಳಿಸೋದು) ಬಗ್ಗೆನ ಕೇಳತಾರ. ಅಂದ್ರ ನಿಮಗ ಗೊತ್ತಿರೋದನ್ನ ಕೇಳಂಗ ನೀವ ಮಾಡಿದಂಗಾತು. ಅಳತಿ ಮಾಡಿರದ ಅಂಕಿ ಮಾತ್ರ ಹಾಕಬ್ಯಾಡ್ರಿ. "ಹೆಂಗ ಅಳದ್ರಿ, ಮಲ್ಟಿಮೀಟರ್ ಎಲ್ಲಿಟ್ಟಿದ್ರಿ?" ಅಂದ್ರ ಬಾಯಿ ಕಟ್ಟತೈತಿ.

ನಾಲ್ಕು ಮಂದಿ ಸೇರಿ ಮಾಡಿದ ಪ್ರಾಜೆಕ್ಟಿದ್ರ ನಿಮ್ಮ ಪಾಲು ಯಾವುದು ಅಂತ ಬರೀರಿ. ಫರ್ಮ್‌ವೇರ್ (ಚಿಪ್ಪಿನೊಳಗಿನ ಕೋಡ್) ನಿಮ್ಮದೋ, ಪಿಸಿಬಿ (ಸರ್ಕ್ಯೂಟ್ ಬೋರ್ಡ್) ನಿಮ್ಮದೋ. ಒಂದ ಕಾಲೇಜಿನ ನಾಲ್ಕೂ ರೆಸ್ಯೂಮ್ ಒಬ್ಬರ ಕೈಗೇ ಬರತಾವ, ನಾಲ್ಕರಾಗೂ ಒಂದ ಸಾಲು ಇದ್ರ ಯಾರನ್ನ ಕರೀಬೇಕು?

ಬಯಲುಸೀಮೆ_ಬಿಇ
ಸ್ಕಿಲ್ ಬಾರ್ ತೆಗೆದ್ರೆ ಆ ಜಾಗಕ್ಕೆ ಏನು? ಆಮೇಲೆ ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕ ಹಾಕಬೇಕಾ?

ಫಾಂಟ್_ಹುಚ್ಚ
ಮೂರು ಸಾಲು ಸಾಕು. 'ಭಾಷೆಗಳು: ಸಿ, ಪೈಥಾನ್', 'ಹಾರ್ಡ್‌ವೇರ್: ಎಸ್‌ಟಿಎಂ32, ಇಎಸ್‌ಪಿ32, ಯುಆರ್ಟ್, ಐಸ್ಕ್ವೇರ್‌ಸಿ, ಎಸ್‌ಪಿಐ', 'ಉಪಕರಣ: ಕೀಕ್ಯಾಡ್, ಗಿಟ್, ಲಾಜಿಕ್ ಅನಲೈಸರ್'. ಎಡಗಡೆ ಪದ ಬೋಲ್ಡ್, ಮಿಕ್ಕಿದ್ದು ಮಾಮೂಲಿ. ಚೆನ್ನಾಗಿ ಗೊತ್ತಿರೋದು ಮೊದಲು. ಎಂಎಸ್ ಆಫೀಸ್, ಇಂಟರ್‌ನೆಟ್ ಬ್ರೌಸಿಂಗ್ ಅಂತೆಲ್ಲ ಬರೀಬೇಡಿ.

ಜೋಳದರೊಟ್ಟಿ_ಪಲ್ಯ
ಅಂಕ ಹಾಕ್ರಿ. ಫ್ರೆಶರ್‌ಗೆ ನಮ್ಮ ಕಡೆ ಕಂಪನಿಗಳು ಹತ್ತನೆತ್ತೆ, ಪಿಯುಸಿ, ಬಿಇ ಮೂರರಾಗೂ 60% ಕೇಳೋದು ಇನ್ನೂ ಐತಿ. ಮೂರಕ್ಕೂ ಒಂದ ಅಳತಿ ಇರಲಿ. 625ಕ್ಕೆ 535 ಅಂತ ಒಂದು ಕಡೆ, 88% ಅಂತ ಇನ್ನೊಂದು ಕಡೆ, ಸಿಜಿಪಿಎ 7.9 ಅಂತ ಮತ್ತೊಂದು ಕಡೆ ಇದ್ರ ಓದವರು ಕ್ಯಾಲ್ಕ್ಯುಲೇಟರ್ ತಗೀಬೇಕು. 535 ಅಂದ್ರ 85.6%, ಅದನ್ನ ಬರೀರಿ. ಸಿಜಿಪಿಎನ ಶೇಕಡಾಕ್ಕ ತರೋ ಸೂತ್ರ ವಿಟಿಯುದಾಗ ಸ್ಕೀಮ್ (ನೀವು ಓದಿದ ಪಠ್ಯಕ್ರಮ) ಮ್ಯಾಲೆ ಬ್ಯಾರೆ ಬ್ಯಾರೆ ಐತಿ. 2015ರ ಸ್ಕೀಮಿಗೆ 0.75 ಕಳದು 10ರಿಂದ ಗುಣಿಸೋದು. ಸೀನಿಯರ್ ಹೇಳಿದ್ದು ಹಿಡೀಬ್ಯಾಡ್ರಿ, ನಿಮ್ಮ ಸ್ಕೀಮಿನ ಸೂತ್ರ ನೋಡಿ ಹಾಕ್ರಿ. ಸಿಜಿಪಿಎ ಮುಂದ ಶೇಕಡಾ ಎರಡೂ ಬರದ್ರ ಇನ್ನೂ ಚಲೋ. ದಾಖಲೆ ಪರಿಶೀಲನೆ ಟೈಮಿಗೆ ಮಾರ್ಕ್ಸ್ ಕಾರ್ಡಿಗೆ ತಾಳೆ ಆಗಲಿಲ್ಲಂದ್ರ ತ್ರಾಸು.

ಸಿಲ್ಕ್‌ಬೋರ್ಡ್_ಸಂತ
ಡಿಕ್ಲರೇಶನ್ ಇರಲಿ ಬಿಡಿ, ಗೌರವ. ಅದು ಇಲ್ಲದೆ ರೆಸ್ಯೂಮ್ ಮುಗಿದ ಹಾಗೇ ಅನ್ನಿಸಲ್ಲ.

ನೇಮಕಾತಿ_ನೋಟ
ಖಾಸಗಿ ಕಂಪನಿಗೆ ಬೇಡ. "ಮೇಲಿನದ್ದೆಲ್ಲ ನಿಜ" ಅಂತ ಪ್ರಮಾಣ ಮಾಡಿದ್ರೆ ಯಾರೂ ಜಾಸ್ತಿ ನಂಬಲ್ಲ, ಮಾಡದಿದ್ರೆ ಕಮ್ಮಿ ನಂಬಲ್ಲ. ಸ್ಥಳ, ದಿನಾಂಕ, ಸಹಿ ಎಲ್ಲ ಸೇರಿ ಐದು ಸಾಲು ಹೋಗುತ್ತೆ, ಅಷ್ಟರಲ್ಲಿ ಒಂದು ಪ್ರಾಜೆಕ್ಟ್ ಕೂರುತ್ತೆ. ಅನುದಾನಿತ ಶಾಲೆ, ಸರ್ಕಾರಿ ಗುತ್ತಿಗೆ ಹುದ್ದೆ ಅಂದ್ರೆ ಅವರೇ ನಮೂನೆ ಕೊಟ್ಟಿರ್ತಾರೆ, ಅಲ್ಲಿ ಸಹಿ ಹಾಕಿ. ತಂದೆ ಹೆಸರು, ಮದುವೆ, ಧರ್ಮ, ಪೂರ್ತಿ ಮನೆ ವಿಳಾಸ ತೆಗೀರಿ. ಆಧಾರ್, ಪ್ಯಾನ್ ನಂಬರ್ ಹಾಕೋರೂ ಇದ್ದಾರೆ! ಆ ಪಿಡಿಎಫ್ ಎಷ್ಟು ವಾಟ್ಸಾಪ್ ಗ್ರೂಪ್ ಸುತ್ತುತ್ತೆ ಅಂತ ಯೋಚನೆ ಮಾಡಿ. ಫೋಟೋ ಕೂಡ ಕೇಳಿದ್ರೆ ಮಾತ್ರ.

ಸ್ಟುಟ್‌ಗಾರ್ಟ್_ಸಾರು
ಫೋಟೋ ವಿಷಯ ದೇಶದ ಮೇಲೆ ಹೋಗುತ್ತೆ. ಜರ್ಮನಿಯಲ್ಲಿ ಸಮಾನ ನಡವಳಿಕೆ ಕಾನೂನು 2006ರಲ್ಲಿ ಬಂದ ಮೇಲೆ ಕಂಪನಿ ಫೋಟೋ ಬೇಕೇ ಬೇಕು ಅನ್ನೋ ಹಾಗಿಲ್ಲ, ಆದ್ರೂ ತುಂಬಾ ಜನ ಹಾಕ್ತಾರೆ. ಸ್ಟುಡಿಯೋದಲ್ಲಿ ತೆಗೆಸಿದ್ದು ಹಾಕಿ, ಮದುವೆ ಮನೆ ಫೋಟೋ ಕತ್ತರಿಸಿದ್ದು ಬೇಡ. ತಿಂಗಳು ಮತ್ತು ವರ್ಷ ಎರಡೂ ಬರೀಬೇಕು, ಮಧ್ಯೆ ಖಾಲಿ ಬಿಟ್ಟ ತಿಂಗಳುಗಳ ಬಗ್ಗೆ ಕೇಳ್ತಾರೆ. ಕೊನೆಗೆ ಊರು, ತಾರೀಕು, ಸಹಿ ಹಾಕೋ ಹಳೇ ಪದ್ಧತಿ ಇಲ್ಲೂ ಇದೆ. ಬ್ರಿಟನ್, ಅಮೆರಿಕ, ಕೆನಡಾಕ್ಕೆ ಉಲ್ಟಾ, ಫೋಟೋ ಹುಟ್ಟಿದ ದಿನ ಎರಡೂ ತೆಗೀರಿ. ಗಲ್ಫ್ ಕಡೆ ರಾಷ್ಟ್ರೀಯತೆ, ವೀಸಾ ಸ್ಥಿತಿ ಸಾಮಾನ್ಯವಾಗಿ ಕೇಳ್ತಾರೆ, ಹಾಕಿದ್ರೆ ಒಂದು ಮೇಲ್ ಉಳಿಯುತ್ತೆ.

ಅಮೆರಿಕ, ಕೆನಡಾದವರು ಹಾಳೆಯನ್ನೂ ಬದಲಾಯಿಸಿ. ಅಲ್ಲಿನ ಲೆಟರ್ ಹಾಳೆ 216×279 ಮಿ.ಮೀ., ನಮ್ಮ ಎ4 210×297. ಎ4ಗೆ ಒತ್ತಿ ತುಂಬಿದ ಒಂದು ಪುಟ ಅಲ್ಲಿ ಎರಡಾಗುತ್ತೆ, ಇಲ್ಲಾ ಪ್ರಿಂಟರ್ ಕುಗ್ಗಿಸಿ ಹಾಕುತ್ತೆ.

ಕುಡ್ಲದ_ಮೀನುಸಾರು
ಸರಿ, ಕಾಲಂ ಬಿಟ್ಟೆ. ಬಣ್ಣ ಆದ್ರೂ ಉಂಟಾ ಇಲ್ವಾ? ಬರೀ ಕಪ್ಪು ಬಿಳುಪು ಅಂದ್ರೆ ಕರೆಂಟ್ ಬಿಲ್ಲಿನ ಹಾಗೆ ಕಾಣ್ತದೆ.

ಫಾಂಟ್_ಹುಚ್ಚ
ಉಂಟು ಉಂಟು. ಕಡು ನೀಲಿ, ಕಡು ಹಸಿರು, ಕಂದುಗೆಂಪು, ಮೂರರಲ್ಲಿ ಒಂದು. ಹೆಸರಿಗೆ ಮತ್ತು ತಲೆಬರಹಕ್ಕೆ ಮಾತ್ರ. ಲಿಂಕ್‌ಗಳ ತಾನಾಗೇ ಬರೋ ನೀಲಿ ಅಂಡರ್‌ಲೈನ್ ತೆಗೀರಿ, ಇಲ್ಲದಿದ್ರೆ ಅದೇ ಎರಡನೇ ಬಣ್ಣ ಆಗಿಬಿಡುತ್ತೆ. ತಾರೀಕಿಗೆ ಬೂದು ಹಾಕೋ ಫ್ಯಾಷನ್ ಇದೆ, ಅಲ್ಲಿ ಜೋಕೆ. ಬಿಳಿ ಹಾಳೆ ಮೇಲೆ ಓದಲಿಕ್ಕೆ 4.5:1 ಕಾಂಟ್ರಾಸ್ಟ್ ಬೇಕು ಅನ್ನೋದು ಒಪ್ಪಿತ ಲೆಕ್ಕ. 767676 ಅನ್ನೋ ಬೂದು ಕರೆಕ್ಟಾಗಿ ಆ ಅಂಚಲ್ಲಿದೆ, ಅದಕ್ಕಿಂತ ತಿಳಿ ಹೋಗಬೇಡಿ. ಪ್ಯಾನೆಲ್‌ನಲ್ಲಿರೋರಿಗೆ ಸಿಗೋದು ನಿಮ್ಮ ಪ್ರಿಂಟಿನ ಜೆರಾಕ್ಸ್, ತಿಳಿ ಬೂದು ಅಲ್ಲಿ ಮಾಯ. ಹಸಿರು ಪಟ್ಟಿ ಮೇಲಿನ ಬಿಳಿ ಅಕ್ಷರದ ಗತಿ ಕೇಳಲೇಬೇಡಿ, ಟೋನರ್ ಕಮ್ಮಿ ಇದ್ರೆ ಪಟ್ಟಿ ಪೂರ್ತಿ ಗೆರೆ ಗೆರೆ.

ಮಂಡ್ಯ_ಬೆಲ್ಲ
ಪ್ರಿಂಟ್ ಅಂದ ಮೇಲೆ ಒಂದು ಸೇರಿಸ್ತೀನಿ. ಜೆರಾಕ್ಸ್ ಅಂಗಡಿಗೆ ವರ್ಡ್ ಫೈಲ್ ಕೊಡಬೇಡಿ, ಪಿಡಿಎಫ್ ಕೊಡಿ. ಅಂಗಡಿ ಕಂಪ್ಯೂಟರಲ್ಲಿ ನಿಮ್ಮ ಫಾಂಟ್ ಇಲ್ಲದಿದ್ರೆ ಬೇರೆ ಫಾಂಟ್ ಕೂರುತ್ತೆ, ಅಗಲ ಬದಲಾಗಿ ಕೊನೇ ಎರಡು ಸಾಲು ಎರಡನೇ ಪುಟಕ್ಕೆ ಹೋಗುತ್ತೆ. ಹೊಸ ವರ್ಡ್‌ನ ಡೀಫಾಲ್ಟ್ ಏಪ್ಟೋಸ್, ಅದು ಹಳೇ ಮಷಿನ್‌ಗಳಲ್ಲಿ ಇರಲ್ಲ. ಪ್ರಿಂಟ್ ಸೆಟ್ಟಿಂಗಲ್ಲಿ 'ಆಕ್ಚುಯಲ್ ಸೈಜ್' ಹಾಕಿಸಿ. ಹಾಳೆ 75 ಜಿಎಸ್‌ಎಂ ಬದಲು 100 ಜಿಎಸ್‌ಎಂ ಕೇಳಿ, ಕೈಗೆ ತಗೊಂಡ್ರೆ ವ್ಯತ್ಯಾಸ ಗೊತ್ತಾಗುತ್ತೆ. ಹಿಂದೆ ಮುಂದೆ ಪ್ರಿಂಟ್ ಬೇಡ.

ಲಾಟೆಕ್_ಲಂಬೋದರ
ಇಷ್ಟೆಲ್ಲ ರೂಲರ್ ಟ್ಯಾಬ್ ಯಾಕೆ? ಓವರ್‌ಲೀಫ್ ವೆಬ್‌ಸೈಟ್‌ನಲ್ಲಿ ಲಾಟೆಕ್ (ಕೋಡ್ ಬರೆದು ಪುಟ ಜೋಡಿಸೋ ವ್ಯವಸ್ಥೆ) ಟೆಂಪ್ಲೇಟ್ ತಗೊಳ್ಳಿ, ಮುಗೀತು.

ಫಾಂಟ್_ಹುಚ್ಚ
@ಲಾಟೆಕ್_ಲಂಬೋದರ ಚೆನ್ನಾಗಿರುತ್ತೆ, ಆದ್ರೆ ನೋಟ್‌ಪ್ಯಾಡ್ ಪರೀಕ್ಷೆ ಅದಕ್ಕೂ ಮಾಡಿ. ಎಫ್ ಮತ್ತು ಐ ಪಕ್ಕಪಕ್ಕ ಬಂದ್ರೆ ಅದು ಒಂದೇ ಕೂಡಕ್ಷರ ಮಾಡುತ್ತೆ. 'ಫರ್ಮ್‌ವೇರ್', 'ಸರ್ಟಿಫಿಕೇಟ್' ಇಂಗ್ಲಿಷಲ್ಲಿ ಬರೆದಿದ್ರೆ ಕಾಪಿ ಮಾಡಿದಾಗ ಆ ಎರಡು ಅಕ್ಷರದ ಜಾಗದಲ್ಲಿ ಏನೋ ಚಿಹ್ನೆ ಬೀಳೋದುಂಟು. ಎಂಬೆಡೆಡ್ ಕೆಲಸಕ್ಕೆ 'ಫರ್ಮ್‌ವೇರ್' ಪದವೇ ಹುಡುಕಾಟದಲ್ಲಿ ಸಿಗದಿದ್ರೆ ಏನು ಬಂತು?

ಲಾಟೆಕ್_ಲಂಬೋದರ
ಅದು ಹೆಚ್ಚಾಗಿ ಪಿಡಿಎಫ್‌ಲಾಟೆಕ್‌ನಲ್ಲಿ (ಲಾಟೆಕ್‌ನಿಂದ ನೇರ ಪಿಡಿಎಫ್ ಮಾಡೋ ಪ್ರೋಗ್ರಾಂ) ಬರೋ ತೊಂದರೆ. ಮೇಲ್ಗಡೆ 'ಗ್ಲಿಫ್‌ಟುಯುನಿಕೋಡ್' ಫೈಲ್ ಇನ್‌ಪುಟ್ ಮಾಡಿ 'ಪಿಡಿಎಫ್‌ಜೆನ್‌ಟುಯುನಿಕೋಡ್' 1 ಅಂತ ಇಟ್ರೆ ಸರಿಹೋಗುತ್ತೆ. ಒಳ್ಳೇ ಟೆಂಪ್ಲೇಟ್‌ಗಳಲ್ಲಿ ಈ ಎರಡು ಸಾಲು ಮೊದಲೇ ಇರುತ್ತೆ. ಐಕಾನ್ ಫಾಂಟ್ ಇರೋ ಟೆಂಪ್ಲೇಟ್ ಮಾತ್ರ ಬೇಡ, ಫೋನ್ ನಂಬರ್ ಮುಂದೆ ಕಸ ಬೀಳುತ್ತೆ.

ಅಕ್ಷರ_ಅಂಗಡಿ
ಇಲ್ಲಿ ಯಾರಾದ್ರೂ ಕನ್ನಡದಲ್ಲೇ ರೆಸ್ಯೂಮ್ ಕಳಿಸೋರು ಇದ್ದೀರಾ? ಪತ್ರಿಕೆ, ಅನುವಾದ, ಪಠ್ಯಪುಸ್ತಕದ ಕೆಲಸ, ಸ್ವಯಂಸೇವಾ ಸಂಸ್ಥೆ ಕಡೆ ಕೇಳ್ತಾರೆ. ನುಡಿ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿದ್ದು ಅವರ ಕಡೆ ತೆಗೆದ್ರೆ ಇಂಗ್ಲಿಷ್ ಅಕ್ಷರಗಳ ಕಸದ ಹಾಗೆ ಕಾಣುತ್ತಂತೆ.

ಫಾಂಟ್_ಹುಚ್ಚ
ಅಬ್ಬಾ, ನನ್ನ ಇಷ್ಟದ ವಿಷಯ ಬಂತು. ನುಡಿಯ ಹಳೇ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿದವು. ಫಾಂಟ್ ಇಲ್ಲದ ಕಡೆ ಒಳಗಿನ ಇಂಗ್ಲಿಷ್ ಈಚೆ ಬರುತ್ತೆ. ಯುನಿಕೋಡ್‌ನಲ್ಲೇ ಟೈಪ್ ಮಾಡಿ, ನೋಟೋ ಸಾನ್ಸ್ ಕನ್ನಡ ಇಲ್ಲಾ ವಿಂಡೋಸ್‌ನಲ್ಲಿರೋ ನಿರ್ಮಲಾ ಯುಐ, ತುಂಗಾ ಸಾಕು. ಈಗಾಗಲೇ ಇರೋ ಫೈಲ್‌ನ ಕನ್ವರ್ಟರ್‌ಗೆ ಹಾಕಿದ್ರೆ ಅರ್ಕಾವತ್ತು ಇರೋ ಪದಗಳನ್ನ ಒಂದೊಂದಾಗಿ ನೋಡಿ. ಹಳೇ ಫಾಂಟಲ್ಲಿ ಅರ್ಕಾವತ್ತು ಅಕ್ಷರದ ಆಮೇಲೆ ಬರುತ್ತೆ, ಯುನಿಕೋಡಲ್ಲಿ ಮೊದಲು. 'ಕರ್ನಾಟಕ', 'ವರ್ಷ', 'ಕಾರ್ಯ' ಇವೇ ಮೊದಲು ಕೆಡೋದು.

ಅಳತೆಯೂ ಬದಲಾಗುತ್ತೆ. ಇಂಗ್ಲಿಷ್‌ಗೆ ಸರಿಹೋಗೋ 1.1 ಸಾಲಿನ ಅಂತರದಲ್ಲಿ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಣಿತಕ್ಕೆ ತಾಗುತ್ತೆ, 1.3 ಕೊಡಿ. ವರ್ಡ್ ಕನ್ನಡವನ್ನ 'ಕಾಂಪ್ಲೆಕ್ಸ್ ಸ್ಕ್ರಿಪ್ಟ್' ಅಂತ ಬೇರೆ ಲೆಕ್ಕದಲ್ಲಿ ಇಟ್ಕೊಳ್ಳುತ್ತೆ. ಗಾತ್ರ ಬದಲಾಯಿಸಿದ್ರೂ ಕನ್ನಡ ಹಂದಾಡದಿದ್ರೆ ಫಾಂಟ್ ಡಯಲಾಗ್ ತೆಗೆದು ಅಲ್ಲಿ ಕೆಳಗಿರೋ ಆ ಖಾನೆಯಲ್ಲಿ ಗಾತ್ರ ಹಾಕಿ. ಇಟಾಲಿಕ್ ಕನ್ನಡಕ್ಕೆ ಬೇಡ, ಬಾಗಿಸಿದ್ರೆ ಒತ್ತು ಎಲ್ಲೆಲ್ಲೋ ಹೋಗುತ್ತೆ.

ಕನ್ನಡ ಪಿಡಿಎಫ್‌ನಿಂದ ಕಾಪಿ ಮಾಡಿದ್ರೆ ಪದ ಬಹಳ ಸಲ ಒಡೆಯುತ್ತೆ, ಅದಕ್ಕೆ ಪಿಡಿಎಫ್ ಜೊತೆ ವರ್ಡ್ ಫೈಲೂ ಲಗತ್ತಿಸಿ.

ಅಕ್ಷರ_ಅಂಗಡಿ
1.3 ಹಾಕಿದ ತಕ್ಷಣ ಉಸಿರಾಡ್ತಿದೆ. ಇಟಾಲಿಕ್ ಇತ್ತು, ತೆಗೆದೆ.

ನೇಮಕಾತಿ_ನೋಟ
ಫೈಲ್ ಬಗ್ಗೆ ಯಾರೂ ಹೇಳಿಲ್ಲ. 'ರೆಸ್ಯೂಮ್ ಫೈನಲ್ ನ್ಯೂ 3' ಅಂತ ಕಳಿಸಬೇಡಿ, ನಿಮ್ಮ ಹೆಸರು ಮತ್ತು ಹುದ್ದೆ ಇರಲಿ. ವರ್ಡ್‌ನಲ್ಲಿ ಫೈಲ್, ಇನ್‌ಫೋ ಒಳಗೆ ಹೋಗಿ ಟೈಟಲ್ ಮತ್ತು ಆಥರ್ ನೋಡಿ. ಪಿಡಿಎಫ್ ಬ್ರೌಸರ್‌ನಲ್ಲಿ ತೆಗೆದಾಗ ಟ್ಯಾಬ್ ಮೇಲೆ ಬರೋದು ಆ ಟೈಟಲ್, ಫೈಲ್ ಹೆಸರಲ್ಲ. 'ಫ್ರೀ ರೆಸ್ಯೂಮ್ ಟೆಂಪ್ಲೇಟ್' ಅಂತಲೋ ಸೈಬರ್ ಸೆಂಟರ್ ಹೆಸರೋ ಅಲ್ಲಿ ಕೂತಿರುತ್ತೆ. ಪಿಡಿಎಫ್ ಮಾಡುವಾಗ 'ಸೇವ್ ಆ್ಯಸ್' ಬಳಸಿ. 'ಪ್ರಿಂಟ್ ಟು ಪಿಡಿಎಫ್' ಮಾಡಿದ್ರೆ ಗಿಟ್‌ಹಬ್ ಲಿಂಕ್ ಒತ್ತಿದ್ರೂ ತೆರೆಯಲ್ಲ. ವಾಟ್ಸಾಪಲ್ಲಿ ಕಳಿಸೋದಾದ್ರೆ ಡಾಕ್ಯುಮೆಂಟ್ ಆಗಿ, ಸ್ಕ್ರೀನ್‌ಶಾಟ್ ಬೇಡ.

ಬೆಣ್ಣೆದೋಸೆ_ಖಾಲಿ
ಕ್ಯೂಆರ್ ಕೋಡ್ ಹಾಕಿದ್ರೆ ಸ್ಟೈಲಾಗಿರುತ್ತಾ? ಫೋನ್‌ಪೇ ಕೋಡ್ ಅಲ್ಲ, ಗಿಟ್‌ಹಬ್‌ದು.

ಮಂಡ್ಯ_ಬೆಲ್ಲ
ಉದ್ಯೋಗ ಮೇಳಕ್ಕೆ ಪ್ರಿಂಟ್ ಹಿಡ್ಕೊಂಡು ಹೋಗೋದಾದ್ರೆ ಹಾಕಿ, ಕನಿಷ್ಠ 2 ಸೆಂ.ಮೀ. ಚೌಕ, ಸುತ್ತ ಬಿಳಿ ಜಾಗ ಬಿಟ್ಟು. ಜೆರಾಕ್ಸ್ ಮಾಡಿಸಿ ಆ ಪ್ರತಿಯಿಂದಲೇ ಸ್ಕ್ಯಾನ್ ಆಗುತ್ತಾ ನೋಡಿ. ಮೇಲ್‌ನಲ್ಲಿ ಕಳಿಸೋ ಫೈಲ್‌ಗೆ ಬೇಡ, ಫೋನಲ್ಲಿ ರೆಸ್ಯೂಮ್ ನೋಡ್ತಿರೋರು ಅದೇ ಫೋನಿಂದ ಹೇಗೆ ಸ್ಕ್ಯಾನ್ ಮಾಡ್ತಾರೆ?

ಬಯಲುಸೀಮೆ_ಬಿಇ
ನೋಟ್‌ಪ್ಯಾಡ್‌ಗೆ ಹಾಕಿದೆ. ಫೋನ್ ನಂಬರ್ ಪೈಥಾನ್ ಪಕ್ಕ ಬಂದಿದೆ, ಬಾರ್ ಎಲ್ಲ ನಾಪತ್ತೆ. @ಫಾಂಟ್_ಹುಚ್ಚ ಅಳತೆಯಲ್ಲಿ ವರ್ಡ್‌ನಲ್ಲಿ ಹೊಸದಾಗಿ ಕೂರಿಸ್ತಿದ್ದೀನಿ. ಪ್ರಾಜೆಕ್ಟ್ ಮೂರಿವೆ, ಇಂಟರ್ನ್‌ಶಿಪ್ ಒಂದು. ಯಾವುದು ಮೇಲೆ?

ಜೋಳದರೊಟ್ಟಿ_ಪಲ್ಯ
ಇಂಟರ್ನ್‌ಶಿಪ್‌ನಾಗ ಖರೇನ ಬೋರ್ಡ್ ಮುಟ್ಟಿದ್ರ ಅದು ಮ್ಯಾಲೆ. ಬರೀ ಸರ್ಟಿಫಿಕೇಟ್ ಕೊಟ್ಟ ಆನ್‌ಲೈನ್ ಕೋರ್ಸ್ ಆಗಿದ್ರ ಕೆಳಗ, ಒಂದ ಸಾಲು. ಮೂರು ಪ್ರಾಜೆಕ್ಟ್‌ನಾಗ ಎಂಬೆಡೆಡ್‌ಗೆ ಹತ್ತಿರದ್ದು ಮೊದಲು, ಅದಕ್ಕ 3 ಬುಲೆಟ್. ಎರಡನೇದಕ್ಕ 2. ಮೂರನೇದು ವೆಬ್‌ಸೈಟ್ ಗಿಬ್‌ಸೈಟ್ ಇದ್ರ ತಗದ ಬಿಡ್ರಿ, ಇಲ್ಲಾ ಹೆಸರು ಮತ್ತ ಲಿಂಕ್ ಅಷ್ಟ. ಗಿಟ್‌ಹಬ್ ಲಿಂಕ್ ಕೊಡೂ ಮುಂಚೆ ಒಳಗ ರೀಡ್‌ಮಿ (ಪ್ರಾಜೆಕ್ಟ್ ವಿವರಿಸೋ ಫೈಲ್) ಐತೇನು ನೋಡ್ರಿ, ವೈಫೈ ಪಾಸ್‌ವರ್ಡ್ ಕೋಡ್‌ನಾಗ ಹಂಗ ಬಿಟ್ಟಿದ್ರ ಬದಲಿಸ್ರಿ.